ವಿನೋದವೇ, ಯುದ್ಧವೇ? — ಮಾನಸೋಲ್ಲಾಸದ ಮಲ್ಲವಿನೋದವನ್ನು ಕುರಿತು ಒಂದು ವಿಚಾರ

೧. ವಿಷಯ

ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೩೦ರ ಸುಮಾರಿಗೆ ಮಾನಸೋಲ್ಲಾಸವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನೆಂಬುದು ವಿದ್ವಾಂಸರಿಗೆ ವಿದಿತವಾದ ಸಂಗತಿಯೇ ಆಗಿದೆ. ಅಭಿಲಷಿತಾರ್ಥಚಿಂತಾಮಣಿಯೆಂಬುದು ಇದರ ನಾಮಾಂತರ. ಐದು ವಿಂಶತಿಗಳು, ಒಂದೊಂದರಲ್ಲಿಯೂ ಇಪ್ಪತ್ತು ಅಧ್ಯಾಯಗಳು, ಅಂತು ನೂರು ಅಧ್ಯಾಯಗಳುಳ್ಳ ಈ ಗ್ರಂಥದ ಮೊದಲ ಭಾಗವನ್ನು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಪ್ರಕಟಿಸಿದರು. ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ಅದು ೧೯೨೫, ೧೯೩೯, ೧೯೬೧ನೆಯ ಇಸವಿಗಳಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಕನ್ನಡನಾಡಿನ ದೊರೆಯೊಬ್ಬನ ಕೈಯಿಂದ ಬಂದ ಈ ಗ್ರಂಥದಲ್ಲಿ ಮಲ್ಲವಿನೋದವೆಂಬ ಅಧ್ಯಾಯವೊಂದುಂಟು. ಅದೇ ಪ್ರಕೃತ ಲೇಖನದ ವಿಷಯ.

ಈ ಅಧ್ಯಾಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ೨೦೨೦ನೆಯ ಇಸವಿ ಜೂನ್ ೧೫ರ ರಾತ್ರಿ ಲಡಾಖಿನ ಗಾಲ್ವಾನ್ ಕಣಿವೆಯಲ್ಲಿ ನಮ್ಮ ಸೈನಿಕರು ಚೀನೀ ಸೈನಿಕರೊಡನೆ ಬಂದೂಕು ಹಾರಿಸದೆ, ಕೈ ಕಲ್ಲು ದೊಣ್ಣೆಗಳಿಂದ ಹೋರಾಡಿದರು. ನಮ್ಮವರು ೨೦ ಮಂದಿ ಮಡಿದರು. ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರಿನೊಳಗೆ ಗುಂಡು ಹಾರಿಸಕೂಡದೆಂದು ೧೯೯೬ರಲ್ಲಿ ಉಭಯ ದೇಶಗಳು ಮಾಡಿಕೊಂಡಿದ್ದ ಒಪ್ಪಂದದ ಹಿನ್ನೆಲೆಯಲ್ಲಿ ನಡೆದ ಹೋರಾಟವದು. ಅಂದಿನಿಂದ ಸೈನಿಕರ ನಿಯುದ್ಧಶಿಕ್ಷಣವು ಸಭೆಗಳಲ್ಲಿಯೂ ಲೇಖನಗಳಲ್ಲಿಯೂ ಚರ್ಚೆಗೆ ಬಂದಿದೆ. ಆ ಪ್ರಸಂಗದಲ್ಲಿ ಮಲ್ಲವಿನೋದವನ್ನು ಉದಾಹರಿಸಿ, ‘ನಮ್ಮ ಪೂರ್ವಿಕರ ಸೇನಾಶಿಕ್ಷಣದ ಶಾಸ್ತ್ರವಿದು’ ಎಂದು ಹೇಳುವವರೂ ಇದ್ದಾರೆ. ಆ ಮಾತು ನಿಲ್ಲುವುದೇ? ಗ್ರಂಥವನ್ನು ಅಭಿಮಾನದಿಂದ ಹೊಗಳುವುದು ಸುಲಭ. ಅದು ಏನನ್ನು ಹೇಳುತ್ತದೆಯೋ ಅದನ್ನು ಮಾತ್ರ ಅದರಿಂದ ಹೇಳಿಸುವುದು ವಿಮರ್ಶಕನ ಕೆಲಸ. ಆದಕಾರಣ ಮೀಮಾಂಸಕರ ಅಧಿಕರಣಕ್ರಮವನ್ನು ಅನುಸರಿಸಿ, ಸಂಶಯ ಪೂರ್ವಪಕ್ಷ ಸಿದ್ಧಾಂತಗಳೆಂಬ ದಾರಿಯಲ್ಲಿ ವಿಚಾರಿಸೋಣ.

ಸಂಶಯವಿದು: ಮಲ್ಲವಿನೋದದಲ್ಲಿ ಹೇಳಿದ ಶ್ರಮಗಳೂ ಮಲ್ಲರ ವಿಭಾಗವೂ ಯುದ್ಧಕ್ಕೆ ಅಂಗವೋ, ಅಥವಾ ನೋಟಕರ ಸಂತೋಷಕ್ಕೆ ಅಂಗವೋ?

೨. ಪೂರ್ವಪಕ್ಷ

ಯುದ್ಧಕ್ಕೇ ಅಂಗವೆನ್ನುವವರ ವಾದವನ್ನು ಅದರ ಪೂರ್ಣಬಲದೊಡನೆ ಮುಂದಿಡುವುದು ನ್ಯಾಯ.

ಮೊದಲನೆಯದಾಗಿ, ಅಮರಸಿಂಹನು ನಿಯುದ್ಧವೆಂಬ ಪದಕ್ಕೆ ಬಾಹುಯುದ್ಧವೆಂಬ ಅರ್ಥವನ್ನು ಕ್ಷತ್ರಿಯವರ್ಗದಲ್ಲಿಯೇ ಕೊಟ್ಟಿದ್ದಾನೆ, ಆಟಗಳ ಜತೆಯಲ್ಲಿಟ್ಟಿಲ್ಲ. ಎರಡನೆಯದಾಗಿ, ಅಗ್ನಿಪುರಾಣದ ಧನುರ್ವೇದ ಪ್ರಕರಣವು ಯಂತ್ರಮುಕ್ತ, ಪಾಣಿಮುಕ್ತ, ಮುಕ್ತಸಂಧಾರಿತ, ಅಮುಕ್ತವೆಂಬ ನಾಲ್ಕರೊಡನೆ ಬಾಹುಯುದ್ಧವನ್ನು ಐದನೆಯದಾಗಿ ಎಣಿಸುತ್ತದೆ. ಮೂರನೆಯದಾಗಿ, ಶ್ರಮವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಆಯಾಸವೆಂಬಂತೆಯೇ ಶಸ್ತ್ರಾಭ್ಯಾಸವೆಂಬ ಅರ್ಥವೂ ರೂಢವಾಗಿದೆ. ಸೋಮೇಶ್ವರನು ಹೇಳುವ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಬಾಹುಪೇಲಣಶ್ರಮ, ಸ್ತಂಭಶ್ರಮಗಳನ್ನು ನೋಡಿರಿ. ಭಾರವನ್ನೆತ್ತುವುದು, ದೂರ ನಡೆಯುವುದು, ನೀರಿನಲ್ಲಿ ಈಸುವುದು, ತೋಳಿಗೆ ತೋಳು ಕೊಟ್ಟು ಸೆಣಸುವುದು, ಕಂಬವನ್ನು ಹತ್ತಿ ಹೊರಳುವುದು, ಇವುಗಳಲ್ಲಿ ಸೈನಿಕನಿಗೆ ಬೇಡವಾದುದು ಯಾವುದು? ಇಂದಿನ ಸೈನ್ಯದ ಶಿಕ್ಷಣದಲ್ಲಿಯೂ ಹೊರೆ ಹೊತ್ತು ಓಡುವುದು, ಈಸುವುದು, ಹಗ್ಗ ಹತ್ತುವುದು ಮೊದಲಾದವು ನಡೆದೇ ಇವೆ. ಹೀಗೆ ಪದಾರ್ಥಗಳ ಸಾಮರ್ಥ್ಯರೂಪವಾದ ಲಿಂಗಪ್ರಮಾಣವೇ ಯುದ್ಧದ ಕಡೆಗೆ ಬೆರಳು ತೋರುತ್ತಿರುವಾಗ, ಅಧ್ಯಾಯದ ಹೆಸರಿನಲ್ಲಿ ವಿನೋದವೆಂಬ ಪದವಿದ್ದಮಾತ್ರಕ್ಕೆ ಏನಾಯಿತು? ಹೆಸರು, ಎಂದರೆ ಸಮಾಖ್ಯೆ, ಆರು ಪ್ರಮಾಣಗಳಲ್ಲಿ ಕಡೆಯದು, ಲಿಂಗವು ಎರಡನೆಯದು. ವಿರೋಧ ಬಂದಾಗ ಪೂರ್ವವು ಪರಕ್ಕಿಂತ ಬಲವತ್ತರವೆಂಬುದು ಜೈಮಿನಿಯ ಮತವಷ್ಟೆ.

೩. ಸಿದ್ಧಾಂತ

ಈ ವಾದವು ಚತುರವಾದುದೇ ಹೌದು. ಆದರೆ ನಿಲ್ಲತಕ್ಕುದಲ್ಲ.

ಲಿಂಗವು ನಿರ್ಣಾಯಕವಾಗಬೇಕಾದರೆ ಅದು ಅಸಾಧಾರಣವಾಗಿರಬೇಕು. ದೇಹವನ್ನು ಬಲಪಡಿಸುವುದು ಯೋಧನಿಗೂ ಬೇಕು, ಮಲ್ಲನಿಗೂ ಬೇಕು, ಮೂಟೆ ಹೊರುವವನಿಗೂ ಬೇಕು. ಎರಡು ಕಡೆಗೂ ಸಮನಾಗಿ ಸಲ್ಲುವ ಸಾಮರ್ಥ್ಯವು ಒಂದು ಕಡೆಗೆ ಮಾತ್ರ ಸಾಕ್ಷಿ ಹೇಳಲಾರದು. ಲಿಂಗವು ಹೀಗೆ ಉದಾಸೀನವಾದಮೇಲೆ ಸ್ಥಾನವನ್ನೂ ಸಮಾಖ್ಯೆಯನ್ನೂ ಕೇಳುವುದಕ್ಕೆ ಅಡ್ಡಿಯಿಲ್ಲ. ಬಾಧಕವಿಲ್ಲದ ದುರ್ಬಲ ಪ್ರಮಾಣವೂ ಪ್ರಮಾಣವೇ.

ಸ್ಥಾನವು ಏನು ಹೇಳುತ್ತದೆ? ಸೋಮೇಶ್ವರನು ಯುದ್ಧಕ್ಕೆ ಸಂಬಂಧಿಸಿದ ಬಲ, ಕೋಶ, ದುರ್ಗ, ಯಾತ್ರೆ, ಉಪಾಯಗಳನ್ನು ರಾಜ್ಯಸ್ಥೈರ್ಯವನ್ನು ಹೇಳುವ ಎರಡನೆಯ ವಿಂಶತಿಯಲ್ಲಿ ವಿಸ್ತರಿಸಿದ್ದಾನೆ. ಮಲ್ಲರು ಅಲ್ಲಿಲ್ಲ. ಅವರು ಬರುವುದು ನಾಲ್ಕನೆಯದಾದ ವಿನೋದವಿಂಶತಿಯಲ್ಲಿ. ಅಲ್ಲಿಯ ಕ್ರಮವನ್ನು ಗಮನಿಸಬೇಕು. ಮೊದಲು ಶಸ್ತ್ರವಿನೋದ, ಬಳಿಕ ಶಾಸ್ತ್ರವಿನೋದ, ಆಮೇಲೆ ಆನೆ ಕುದುರೆಗಳ ವಾಹ್ಯಾಳಿ, ಅನಂತರ ಅಂಕವಿನೋದ, ಅದರ ಬೆನ್ನಿಗೆ ಮಲ್ಲವಿನೋದ. ಮುಂದೆ ಕೋಳಿ, ಲಾವುಗೆ, ಟಗರು, ಕೋಣ ಮೊದಲಾದವುಗಳ ಕಾಳಗ. ಆನೆಗಳ ಓಟಕ್ಕೂ ಕೋಳಿಯಂಕಕ್ಕೂ ನಡುವೆ ಮನುಷ್ಯರ ಮಲ್ಲಯುದ್ಧವನ್ನು ಇರಿಸಿದ ಗ್ರಂಥಕಾರನ ಆಶಯವು ಅಸ್ಪಷ್ಟವೇ? ಸೇನೆಯನ್ನು ನಡೆಸಿ ಬಲ್ಲ ವಂಶದಲ್ಲಿ ಹುಟ್ಟಿದ ದೊರೆಯಾತ. ಯುದ್ಧದ ಸಾಮಗ್ರಿ ಯಾವುದು, ಆಸ್ಥಾನದ ನೋಟ ಯಾವುದು ಎಂಬ ವಿವೇಕ ಅವನಿಗಿಲ್ಲದೆ ಹೋಯಿತೆಂದು ಹೇಳುವುದು ಸಾಹಸ. ಶಸ್ತ್ರವಿದ್ಯೆಯನ್ನೇ ಅವನು ವಿನೋದವಿಂಶತಿಯ ಮೊದಲಲ್ಲಿ ಇಟ್ಟಿರುವುದರಿಂದ, ಅಲ್ಲಿ ಹೇಳಿದುದು ಶಸ್ತ್ರದ ಪ್ರದರ್ಶನವೇ ಹೊರತು ಶಸ್ತ್ರದ ಯುದ್ಧವಲ್ಲವೆಂದು ತಿಳಿಯಬೇಕು. ಮಲ್ಲರ ವಿಷಯದಲ್ಲಿಯೂ ಇದೇ ನ್ಯಾಯ.

ಇನ್ನು ಅಸಾಧಾರಣವಾದ ಲಿಂಗವೊಂದನ್ನೇ ಕೇಳುವುದಾದರೆ ಅದು ನಮ್ಮ ಪಕ್ಷದಲ್ಲಿಯೇ ಇದೆ. ಸೋಮೇಶ್ವರನು ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲರೆಂದು ವಿಂಗಡಿಸುತ್ತಾನೆ. ಇನ್ನೂ ಬೆಳೆಯತಕ್ಕ ಎಳೆಯರನ್ನು ಭವಿಷ್ಣುಗಳೆಂದು ಬೇರೆ ಹೇಳುತ್ತಾನೆ. ವಯಸ್ಸು, ದೇಹಪ್ರಮಾಣ, ಬಲ ಇವುಗಳಿಂದ ಮಾಡಿದ ಈ ವಿಂಗಡಣೆಯ ಫಲವೇನು? ಸಮರಾದವರನ್ನು ಸಮರೊಡನೆ ಬಿಡುವುದು. ಯುದ್ಧದಲ್ಲಿ ಇದಕ್ಕೆ ಸ್ಥಳವಿಲ್ಲ. ಹಗೆಯು ನಮ್ಮವನ ವಯಸ್ಸನ್ನೂ ತೂಕವನ್ನೂ ವಿಚಾರಿಸಿ ಎದುರಿಗೆ ಬರುವುದಿಲ್ಲ. ಒಬ್ಬನ ಮೇಲೆ ಹತ್ತು ಮಂದಿ ಬೀಳುವುದೇ ರಣದ ಧರ್ಮ. ಸಮಬಲದ ವ್ಯವಸ್ಥೆಯಿರುವಲ್ಲಿ ರಂಗವಿದೆ, ರಣವಿಲ್ಲ. ಆದುದರಿಂದ ಮಲ್ಲವಿನೋದವು ಹೆಸರಿನಂತೆ ವಿನೋದವೇ ಎಂಬುದು ಸಿದ್ಧಾಂತ.

ಇದರಿಂದ ಅಧ್ಯಾಯದ ಬೆಲೆ ಕುಂದುವುದೆಂದು ಯಾರೂ ಭಾವಿಸಬಾರದು. ಹಗೆಯಿಲ್ಲದೆ ಹೋರಾಡುವುದಕ್ಕೆ ಮನುಷ್ಯನು ಕಟ್ಟಿಕೊಂಡ ಮರ್ಯಾದೆಯೂ ಒಂದು ದೊಡ್ಡ ವಿದ್ಯೆ. ಆದರೆ ಅದು ಬೇರೆ ವಿದ್ಯೆ.

೪. ರಂಗವೂ ರಣವೂ

ಈ ಭೇದವನ್ನು ನಾವು ಹೊಸದಾಗಿ ಕಲ್ಪಿಸಿದುದಲ್ಲ. ಮಹಾಭಾರತವೇ ಇದನ್ನು ಎರಡು ಪ್ರಸಂಗಗಳಲ್ಲಿ ಎದುರೆದುರಾಗಿ ನಿಲ್ಲಿಸಿದೆ. ಆದಿಪರ್ವದಲ್ಲಿ ದ್ರೋಣನು ಶಿಷ್ಯರ ವಿದ್ಯೆಯನ್ನು ತೋರಿಸಲು ರಂಗವನ್ನು ಕಟ್ಟಿಸುತ್ತಾನೆ. ಕುರುಡನಾದ ದೊರೆಗೆ ವಿದುರನು ನಡೆದುದನ್ನೆಲ್ಲ ಹೇಳುತ್ತಾನೆ. ಅರ್ಜುನನು ಓಡುವ ಕಬ್ಬಿಣದ ಹಂದಿಯ ಬಾಯಲ್ಲಿ ಐದು ಬಾಣಗಳನ್ನು ನೆಡುತ್ತಾನೆ. ಹಗ್ಗದಲ್ಲಿ ತೂಗಾಡುವ ಹಸುವಿನ ಕೊಂಬಿನ ಟೊಳ್ಳಿನಲ್ಲಿ ಇಪ್ಪತ್ತೊಂದನ್ನು ತುಂಬುತ್ತಾನೆ. ಇವು ಅದ್ಭುತವೇ ಹೌದು. ಆದರೆ ಹದಿನೆಂಟು ದಿನಗಳ ಯುದ್ಧದಲ್ಲಿ ಹಸುವಿನ ಕೊಂಬು ಎಲ್ಲಿಯೂ ಬರುವುದಿಲ್ಲ. ಅದಕ್ಕೆ ಮೊದಲು ಭೀಮನೂ ದುರ್ಯೋಧನನೂ ಗದೆ ಹಿಡಿದು ರಂಗಕ್ಕಿಳಿಯುತ್ತಾರೆ. ನೋಟಕರು ಎರಡು ಪಕ್ಷವಾಗಿ ಕೂಗಾಡುತ್ತಾರೆ. ಆಟವು ನಿಜವಾಗತೊಡಗಿತೆಂದು ಕಂಡ ದ್ರೋಣನು ಮಗನಾದ ಅಶ್ವತ್ಥಾಮನನ್ನು ಕಳುಹಿಸಿ ಇಬ್ಬರನ್ನೂ ತಡೆಯಿಸುತ್ತಾನೆ.

ಅದೇ ಇಬ್ಬರು, ಅದೇ ಗದೆ, ಶಲ್ಯಪರ್ವದಲ್ಲಿ ಮತ್ತೆ ಸೇರುತ್ತಾರೆ. ಈಗ ತಡೆಯಲು ದ್ರೋಣನಿಲ್ಲ. ನಾಭಿಯಿಂದ ಕೆಳಗೆ ಹೊಡೆಯಕೂಡದೆಂಬ ಗದಾಯುದ್ಧದ ನಿಯಮವನ್ನು ಬಲರಾಮನು ಎತ್ತಿ ಹೇಳುತ್ತಾನೆ. ಹೇಳುವುದು ತೊಡೆ ಮುರಿದ ಬಳಿಕ. ನಿಯಮವು ರಣದಲ್ಲಿ ಯಾವಾಗಲೂ ಹೊಡೆತ ಬಿದ್ದಮೇಲೆಯೇ ಬರುತ್ತದೆ.

ಇಲ್ಲಿ ಸಾಮಾನ್ಯವಾಗಿ ಯಾರೂ ಲಕ್ಷ್ಯಕ್ಕೆ ತಂದುಕೊಳ್ಳದ ಒಂದು ಅಂಶವಿದೆ. ಭೀಮನನ್ನು ಕೊಲ್ಲಬೇಕೆಂಬ ಛಲದಿಂದ ದುರ್ಯೋಧನನು ಹದಿಮೂರು ವರ್ಷಗಳ ಕಾಲ ಕಬ್ಬಿಣದ ಪುರುಷನೊಬ್ಬನ ಮೇಲೆ ಗದೆಯನ್ನು ಅಭ್ಯಾಸ ಮಾಡಿದನೆಂದು ಕೃಷ್ಣನು ಯುಧಿಷ್ಠಿರನಿಗೆ ಹೇಳುತ್ತಾನೆ. ಸೈನಿಕರಿಗೆ ಈಟಿಮೊನೆಯ ತಿವಿತವನ್ನು ಕಲಿಸಲು ಹುಲ್ಲು ತುಂಬಿದ ಚೀಲವನ್ನು ನಿಲ್ಲಿಸುವ ಪದ್ಧತಿಯ ಪೂರ್ವಜನಿವನು. ಕಬ್ಬಿಣದ ಪುರುಷನು ಎಷ್ಟು ಹೊಡೆದರೂ ಮುರಿಯನು; ಆದರೆ ಅವನು ತಿರುಗಿ ಹೊಡೆಯನು, ಎಲ್ಲಕ್ಕಿಂತ ಹೆಚ್ಚಾಗಿ ನಿಯಮವನ್ನು ಮೀರನು. ಹದಿಮೂರು ವರ್ಷ ನಿಯಮ ಮೀರದ ವೈರಿಯೊಡನೆ ಹೋರಾಡಿದ ದೊರೆಯು ನಿಯಮ ಮೀರಿದ ಒಂದೇ ಪೆಟ್ಟಿಗೆ ಬಿದ್ದನು. ಸ್ತ್ರೀಪರ್ವದಲ್ಲಿ ಧೃತರಾಷ್ಟ್ರನು ಭೀಮನೆಂದು ತಿಳಿದು ತೋಳುಗಳಲ್ಲಿ ಅವುಚಿ ಪುಡಿಮಾಡುವುದು ಮಗನು ಮಾಡಿಸಿದ್ದ ಆ ಲೋಹಪ್ರತಿಮೆಯನ್ನೇ. ಅಭ್ಯಾಸಕ್ಕಾಗಿ ಮಾಡಿಸಿದ ಬೊಂಬೆಯು ಮಗನಿಗೆ ಗೆಲವನ್ನು ಕೊಡಲಿಲ್ಲ, ತಂದೆಗೆ ಸೇಡನ್ನೂ ಕೊಡಲಿಲ್ಲ. ಶಿಕ್ಷಣಕ್ಕೂ ರಣಕ್ಕೂ ಇರುವ ಅಂತರವನ್ನು ಇದಕ್ಕಿಂತ ಕಠೋರವಾಗಿ ಹೇಳಿದ ಕವಿಯನ್ನು ನಾನು ಕಾಣೆನು.

ಕನ್ನಡ ಕವಿಗಳ ವಿಷಯದಲ್ಲಿ ಇಲ್ಲಿಯೇ ಒಂದು ಮಾತು. ಪಂಪನು ೯೪೧ರಲ್ಲಿ ವಿಕ್ರಮಾರ್ಜುನವಿಜಯವನ್ನು ಬರೆದಾಗ ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡನು. ರನ್ನನು ಗದಾಯುದ್ಧದಲ್ಲಿ ಭೀಮನನ್ನು ಸತ್ಯಾಶ್ರಯನೊಡನೆ ಒಂದುಮಾಡಿದನು. ವ್ಯಾಸಭಾರತದಲ್ಲಿ ಭೀಮನು ಬರಿಯ ಭೀಮ. ಅವನ ಹೊಡೆತವನ್ನು ಬಲರಾಮನು ದೂಷಿಸಬಹುದು. ರನ್ನನಲ್ಲಿಯಾದರೋ ಭೀಮನು ಸಿಂಹಾಸನದ ಬಳಿ ಕುಳಿತು ಕಾವ್ಯವನ್ನು ಕೇಳುವವನೂ ಆಗಿದ್ದಾನೆ. ಎಂದರೆ ರಣವೇ ಮರಳಿ ರಂಗವಾಯಿತು. ಯುದ್ಧದ ವರ್ಣನೆಯೇ ಆಸ್ಥಾನದ ವಿನೋದವಾಯಿತು. ಬಿ. ಎಂ. ಶ್ರೀಕಂಠಯ್ಯನವರು ರನ್ನನ ಚಂಪುವನ್ನು ಗದಾಯುದ್ಧನಾಟಕವಾಗಿ ಮಾರ್ಪಡಿಸಿದುದು ಈ ಕಾರಣದಿಂದ ಬಹು ಉಚಿತವೆನಿಸುತ್ತದೆ. ಆ ಕಾವ್ಯದೊಳಗೆ ರಂಗವು ಮೊದಲೇ ಇದ್ದಿತು. ರನ್ನನ ವೀರರಸವನ್ನು ಕೊಂಡಾಡುವ ವಿಮರ್ಶಕರು, ಆ ರಸವು ಯಾರೆದುರಿಗೆ ಉಕ್ಕಿತೆಂಬುದನ್ನೂ ಹೇಳಿದ್ದರೆ ಅವರ ವಿಮರ್ಶೆ ಪೂರ್ಣವಾಗುತ್ತಿತ್ತು.

ಇದಕ್ಕೆ ಪ್ರತಿಯಾಗಿ ಬೇಗೂರಿನ ಶಿಲ್ಪವನ್ನು ನೋಡಬೇಕು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಗಂಗರ ಕಾಲದ ವೀರಗಲ್ಲು ಸುಮಾರು ೯೦೦ನೆಯ ಇಸವಿಯದು. ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನ ಸ್ಮರಣೆಯನ್ನು ಹೊತ್ತ ಆ ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳು, ಬಿದ್ದವರು, ಬೀಳುತ್ತಿರುವವರು ಒಬ್ಬರ ಮೇಲೊಬ್ಬರು ಒತ್ತಿಕೊಂಡಿದ್ದಾರೆ. ಸಮಬಲದ ಜೋಡಿಯಿಲ್ಲ, ಸುತ್ತ ನೋಟಕರಿಲ್ಲ, ತಡೆಯುವ ಗುರುವಿಲ್ಲ. ಹತ್ತಿರದ ಯುದ್ಧವೆಂದರೆ ಏನೆಂಬುದನ್ನು ಶಿಲ್ಪಿಯು ಶಾಸ್ತ್ರಕಾರನಿಗಿಂತ ಚೆನ್ನಾಗಿ ಬಲ್ಲವನಾಗಿದ್ದನು.

೫. ನಾಡಿನ ಸಂಪ್ರದಾಯ

ಮಲ್ಲವಿನೋದದ ಪರಂಪರೆಯು ಸೋಮೇಶ್ವರನೊಡನೆ ಮುಗಿಯಲಿಲ್ಲ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಮಲ್ಲರು ಇಂದಿಗೂ ಸೆಣಸುತ್ತಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಮಹಾನವಮಿಯ ಮಲ್ಲಯುದ್ಧವನ್ನು ವರ್ಣಿಸುತ್ತ, ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಪೆಟ್ಟುಗಳು ಬೀಳುತ್ತಿದ್ದುವೆಂದೂ, ಮಾತಾಡಲಾರದೆ ಬಿದ್ದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರೆಂದೂ ಹೇಳುತ್ತಾನೆ. ಆದರೆ ಅವನೇ ಇನ್ನೊಂದನ್ನೂ ಹೇಳುತ್ತಾನೆ: ಇಬ್ಬರನ್ನೂ ಸಮನಾಗಿ ನಿಲ್ಲಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ಅಲ್ಲಿ ನಾಯಕರೂ ತೀರ್ಪುಗಾರರೂ ಇದ್ದರು. ರಕ್ತವು ಎಷ್ಟೇ ಹರಿಯಲಿ, ದ್ರೋಣನ ಸ್ಥಾನವು ಬರಿದಾಗಿರಲಿಲ್ಲ.

ಮೈಸೂರಿನ ದಸರೆಯಲ್ಲಿ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವು ಇದೇ ಪರಂಪರೆಯದು. ತಲೆ ಬೋಳಿಸಿಕೊಂಡ ಜಟ್ಟಿಗಳು ಮೊನೆಗಳುಳ್ಳ ವಜ್ರಮುಷ್ಟಿಯನ್ನು ಕೈಗೆ ತೊಟ್ಟು ಎದುರಾಗುತ್ತಾರೆ. ಮೊದಲ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಜಟ್ಟಿಯೆಂಬ ಪದವನ್ನು ಸೋಮೇಶ್ವರನ ಜ್ಯೇಷ್ಠಿಕಶಬ್ದದಿಂದ ಬಂದ ತದ್ಭವವೆಂದು ತಿಳಿಯಲು ವ್ಯಾಕರಣದಲ್ಲಿ ಬಾಧಕವಿಲ್ಲ. ಗುಜರಾತಿನ ಮೊಢೇರದ ಜ್ಯೇಷ್ಠಿಮಲ್ಲರನ್ನೂ ಅವರ ಕುಲದೇವತೆಯಾದ ಲಿಂಬಜೆಯನ್ನೂ ಹೇಳುವ ಮಲ್ಲಪುರಾಣವೂ ಇದಕ್ಕೆ ಅನುಕೂಲವಾಗಿದೆ. ಮೊನೆಯುಳ್ಳ ಆಯುಧವಿದ್ದರೂ ಇದು ಯುದ್ಧವಲ್ಲ. ಮೊದಲ ಹನಿಗೆ ನಿಲ್ಲುವುದು ಇದರ ಲಕ್ಷಣ. ಮೊದಲ ಹನಿಯಿಂದ ತೊಡಗುವುದು ಯುದ್ಧದ ಲಕ್ಷಣ.

ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದ ಕರಗದಲ್ಲಿ ಮೂರನೆಯದೊಂದು ಬಗೆಯು ಕಾಣುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ಕರಗವನ್ನು ಸುತ್ತುವರಿದು ನಡೆಯುವ ವೀರಕುಮಾರರು ಹಿರಿದ ಕತ್ತಿಗಳನ್ನು ಹಿಡಿದಿರುತ್ತಾರೆ. ಅಲಗುಸೇವೆಯಲ್ಲಿ ಆ ಕತ್ತಿಗಳಿಂದ ತಮ್ಮ ಎದೆಯನ್ನೇ ತಟ್ಟಿಕೊಳ್ಳುತ್ತಾರೆ. ಇದು ಯುದ್ಧವಲ್ಲ, ಏಕೆಂದರೆ ಹಗೆಯಿಲ್ಲ. ವಿನೋದವೂ ಅಲ್ಲ, ಏಕೆಂದರೆ ಗೆಲ್ಲಬೇಕಾದ ಎದುರಾಳಿಯಿಲ್ಲ. ಇದು ವ್ರತ. ಪೇಟೆಯ ಗರಡಿಮನೆಗಳಲ್ಲಿ ಕಲಿತ ಒಂದೇ ಸಾಮು ರಣಕ್ಕೂ ರಂಗಕ್ಕೂ ವ್ರತಕ್ಕೂ ಸಲ್ಲಬಹುದು. ಆದುದರಿಂದಲೇ ಸಾಮನ್ನು ಮಾತ್ರ ನೋಡಿ ಪ್ರಯೋಜನವನ್ನು ನಿರ್ಣಯಿಸಲಾಗದೆಂದು ಮೇಲೆ ಹೇಳಿದುದು.

೬. ಪ್ರಯೋಜನ

ಈ ವಿಚಾರದಿಂದ ಇಂದಿನವರಿಗೆ ಆಗುವುದೇನೆಂದು ಕೇಳಬಹುದು. ನಾನು ವಾಸಮಾಡುವ ಉಲ್ಲಾಳವು ಕೆಂಗೇರಿಗೂ ಜ್ಞಾನಭಾರತಿಗೂ ನೆರೆಯಾದ ಊರು. ರಾಣಿ ಅಬ್ಬಕ್ಕನ ಕಡಲತಡಿಯ ಉಳ್ಳಾಲವಲ್ಲ. ಹತ್ತಿರದಲ್ಲಿಯೇ, ಮೈಸೂರು ರಸ್ತೆಯ ಕಡೆಗೆ, ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣಕೇಂದ್ರವಿದೆ; ನಗರದ ಇನ್ನೊಂದು ಕಡೆ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವೂ ಪ್ಯಾರಾಶೂಟ್ ರೆಜಿಮೆಂಟಿನ ಶಿಕ್ಷಣಕೇಂದ್ರವೂ ಇವೆ. ಹೀಗೆ ರಂಗದ ಶಿಕ್ಷಣವೂ ರಣದ ಶಿಕ್ಷಣವೂ ಒಂದೇ ನಗರದಲ್ಲಿ ನಡೆಯುತ್ತಿವೆ. ೧೯೪೯ರಿಂದ ದೆಹಲಿಯಲ್ಲಿಯೇ ನಡೆಯುತ್ತಿದ್ದ ಸೇನಾದಿನದ ಕವಾಯತು ೨೦೨೩ನೆಯ ಇಸವಿ ಜನವರಿ ೧೫ರಂದು ಮೊದಲ ಬಾರಿಗೆ ಹೊರಗೆ ಬಂದುದು ನಮ್ಮ ಬೆಂಗಳೂರಿಗೆ. ಇಂಥ ಉತ್ಸವಗಳಲ್ಲಿ ಸೈನಿಕರು ಕೈಯಿಂದ ಹೆಂಚು ಒಡೆಯುವುದನ್ನೂ, ಉರಿಯುವ ಬಳೆಯೊಳಗೆ ಹಾರುವುದನ್ನೂ, ಒಬ್ಬನೇ ನಾಲ್ವರನ್ನು ನೆಲಕ್ಕೆ ಕೆಡಹುವುದನ್ನೂ ತೋರಿಸುವುದುಂಟು. ನೋಟಕರು ಚಪ್ಪಾಳೆ ತಟ್ಟುವುದೂ ಉಂಟು. ಇದರಲ್ಲಿ ದೋಷವೇನೂ ಇಲ್ಲ; ಇದು ಸೋಮೇಶ್ವರನ ಶಸ್ತ್ರವಿನೋದವೇ. ಪ್ರಜೆಗಳಿಗೆ ತಮ್ಮ ಸೈನ್ಯದಲ್ಲಿ ವಿಶ್ವಾಸ ಹುಟ್ಟಿಸುವುದು, ಎಳೆಯರಲ್ಲಿ ದೇಹಶ್ರಮದ ಆಸೆಯನ್ನು ಹುಟ್ಟಿಸುವುದು ಅದರ ಫಲ. ದೋಷವು ಹುಟ್ಟುವುದು ವಿನೋದವನ್ನು ಯುದ್ಧವೆಂದು ನಂಬಿದಾಗ.

ಆ ನಂಬಿಕೆಯಿಂದ ಎರಡು ಹಾನಿಗಳುಂಟು. ಒಂದು, ನೋಟಕನಿಗೆ ಆಗತಕ್ಕದ್ದು. ಬೀಳಬೇಕೆಂದು ಮೊದಲೇ ಒಪ್ಪಿಕೊಂಡವನು ಬೀಳುವುದನ್ನು ಕಂಡು, ಹಗೆಯೂ ಹಾಗೆಯೇ ಬೀಳುವನೆಂದು ಅವನು ತಿಳಿಯುತ್ತಾನೆ. ಯುದ್ಧವನ್ನು ಹಗುರವಾಗಿ ಬೇಡುತ್ತಾನೆ. ಇನ್ನೊಂದು, ಸೈನಿಕನಿಗೆ ಆಗತಕ್ಕದ್ದು. ಗಾಲ್ವಾನಿನಲ್ಲಿ ಹೋರಾಟ ನಡೆದುದು ನಾಲ್ಕು ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿ, ಕತ್ತಲಲ್ಲಿ, ಕೊರೆಯುವ ನದಿಯ ದಡದಲ್ಲಿ. ಉಸಿರು ಸಾಲದ ಆ ಎಡೆಯಲ್ಲಿ ದಪ್ಪ ಉಡುಪು ತೊಟ್ಟು ಕಲ್ಲುಗಳ ನಡುವೆ ನಿಂತವನಿಗೆ ಮೈದಾನದ ನೆಗೆತಗಳಿಂದ ಎಷ್ಟು ಉಪಯೋಗ? ಅವನಿಗೆ ಬೇಕಾದುದು ಎಡವದೆ ನಿಲ್ಲುವ ಕಾಲು, ಪಕ್ಕದವನನ್ನು ಬಿಡದ ಪಂಕ್ತಿ, ಬಿದ್ದವನನ್ನು ಎಳೆದು ತರುವ ತೋಳು. ಇವುಗಳಲ್ಲಿ ಯಾವುದೂ ನೋಡಲು ಚಂದವಲ್ಲ. ರಣದ ಶಿಕ್ಷಣವನ್ನು ಚಂದದಿಂದ ಅಳೆಯಹೊರಟರೆ ಚಂದವಿಲ್ಲದ ಈ ಅವಶ್ಯಕಗಳು ಹಿಂದೆ ಸರಿಯುತ್ತವೆ. ಕಬ್ಬಿಣದ ಪುರುಷನನ್ನು ಚೆನ್ನಾಗಿ ಹೊಡೆಯಬಲ್ಲವನೇ ಶೂರನೆನಿಸುತ್ತಾನೆ.

ಅಗ್ನಿಪುರಾಣವು ಬಿಲ್ಲಿನ ಯುದ್ಧವನ್ನು ಶ್ರೇಷ್ಠವೆಂದೂ, ಪ್ರಾಸವನ್ನು ಮಧ್ಯಮವೆಂದೂ, ಕತ್ತಿಯನ್ನು ಅಧಮವೆಂದೂ, ಬಾಹುಯುದ್ಧವನ್ನು ಅದಕ್ಕೂ ಕೆಳಗಿನದೆಂದೂ ಎಣಿಸಿದೆ. ಇದನ್ನು ತಿರಸ್ಕಾರವೆಂದು ಓದುವವರುಂಟು. ನನಗೆ ತೋರುವಂತೆ ಇದು ಅನುಭವದ ಮಾತು. ದೂರದಿಂದ ಗೆಲ್ಲುವುದು ಸಾಧ್ಯವಾದರೆ ಹತ್ತಿರ ಹೋಗಬೇಡ. ಎಲ್ಲವೂ ಕೈಬಿಟ್ಟಾಗ ಉಳಿಯುವುದು ಕೈಯೊಂದೇ ಎಂಬುದು ಅದರ ತಾತ್ಪರ್ಯ. ಕಡೆಯದಾದುದರಿಂದಲೇ ಅದನ್ನು ಕಲಿಯದೆ ಬಿಡುವಂತಿಲ್ಲ. ಕಡೆಯದಾದುದರಿಂದಲೇ ಅದನ್ನು ಮೆರೆಸುವುದೂ ತರವಲ್ಲ. ಆಯುಧಗಳೆಲ್ಲ ಬೆಳೆದ ಈ ಕಾಲದಲ್ಲಿ ಇಪ್ಪತ್ತು ಮಂದಿ ಕೈಕಾಳಗದಲ್ಲಿ ಮಡಿದುದು ಪುರಾಣಕಾರನ ಆ ಕಡೆಯ ಎಣಿಕೆಗೆ ಭಾಷ್ಯವಾಗಿದೆ.

ಆದುದರಿಂದ ನಮ್ಮ ನಿರ್ಣಯವಿಷ್ಟು. ಮಲ್ಲವಿನೋದವನ್ನು ಕನ್ನಡಿಸುವವರೂ ಉದಾಹರಿಸುವವರೂ ವಿನೋದವೆಂಬ ಪದವನ್ನು ಅಳಿಸಿ ಯುದ್ಧಶಾಸ್ತ್ರವೆಂಬ ಪಟ್ಟವನ್ನು ಕಟ್ಟಬಾರದು. ಹಾಗೆ ಕಟ್ಟಿದರೆ ಗ್ರಂಥಕ್ಕೂ ಅನ್ಯಾಯ, ಮಡಿದವರಿಗೂ ಅನ್ಯಾಯ. ಸೋಮೇಶ್ವರನು ಕೊಟ್ಟ ಹೆಸರು ಸರಿಯಾದುದೇ. ಗೆದ್ದವನೂ ಸೋತವನೂ ಸಂಜೆಗೆ ಮನೆಗೆ ಮರಳುವ ಹೋರಾಟಕ್ಕೆ ವಿನೋದವೆಂಬ ಹೆಸರು ಕೀಳಲ್ಲ; ಅದು ಲೋಕಕ್ಕೆ ದೊರೆತ ಒಂದು ಭಾಗ್ಯ. ಮರಳದವರ ಹೋರಾಟಕ್ಕೆ ಬೇರೆ ಹೆಸರಿದೆ. ಅದನ್ನು ಬೇಗೂರಿನ ಕಲ್ಲು ಬಲ್ಲದು.